ಪರದೇಶದ ಓದಿಗೆ ಹೊರಟವರ ಪೆಟ್ಟಿಗೆಯಲ್ಲಿ ಏನಿತ್ತು?



ಬಳ್ಳಾರಿ ನಗರದ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳ ಬಾಯಲ್ಲಿ ಈಚೆಗೆ ‘ಎಕ್ಸ್‌ಚೇಂಜ್’ ಎಂಬ ಮಾತು ಆಗಾಗ ಕೇಳಿಬರುತ್ತಿದೆ. ಸಿರುಗುಪ್ಪದಿಂದ, ಕುರುಗೋಡಿನಿಂದ ದಿನವೂ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರೂ ಕೇಳುತ್ತಾರೆ: ಇಲ್ಲಿ ಓದುತ್ತಿರುವಾಗಲೇ ಒಂದು ಸೆಮಿಸ್ಟರ್ ಜರ್ಮನಿಯಲ್ಲೋ ಜಪಾನಿನಲ್ಲೋ ಓದಿ ಬರಬಹುದಂತೆ, ನಿಜವೇ? ನಿಜ. ನಿಮ್ಮ ವಿಶ್ವವಿದ್ಯಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಡಂಬಡಿಕೆ ಇದ್ದರೆ ನೀವು ಇಲ್ಲಿಯ ವಿದ್ಯಾರ್ಥಿಯಾಗಿಯೇ ಉಳಿದು, ಸಾಮಾನ್ಯವಾಗಿ ಇಲ್ಲಿಯ ಶುಲ್ಕವನ್ನೇ ಕಟ್ಟಿ, ಅಲ್ಲಿ ಕೆಲವು ತಿಂಗಳು ಓದಿ, ಪಡೆದ ಕ್ರೆಡಿಟ್‌ಗಳನ್ನು ಇಲ್ಲಿನ ಅಂಕಪಟ್ಟಿಗೆ ಸೇರಿಸಿಕೊಳ್ಳಬಹುದು. ವಿನಿಮಯ ಎಂಬ ಪದದಲ್ಲೇ ಹೋಗಿ ಬರುವ ಕರಾರು ಅಡಗಿದೆ. ಆದ್ದರಿಂದ ಮೊದಲ ಪ್ರಶ್ನೆಯನ್ನು ಏಜೆಂಟರ ಬಳಿ ಕೇಳಬೇಕಾಗಿಲ್ಲ, ನಿಮ್ಮ ಕಾಲೇಜಿನ ಕಚೇರಿಯಲ್ಲೇ ಕೇಳಬೇಕು: ಅಂಥ ಒಡಂಬಡಿಕೆ ಇದೆಯೇ?

ಆದರೆ ಮನೆಯಲ್ಲಿ ಈ ಮಾತು ಎತ್ತಿದಾಗ ಬರುವ ಪ್ರಶ್ನೆಗಳು ಬೇರೆ. ಹೋದ ಮಗ ಮರಳಿ ಬರುತ್ತಾನೆಯೇ? ಅಲ್ಲಿ ದೀನ್ ಉಳಿಯುತ್ತದೆಯೇ? ದುಡ್ಡು ಎಲ್ಲಿಂದ? ಹೊರಡುವವಳು ಮಗಳಾದರೆ ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಈ ಪ್ರಶ್ನೆಗಳಿಗೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಹಿಂದೆ ಹೊರಟವರ ಪದವಿಗಳ ಪಟ್ಟಿ ಕೊಡುವುದು ಈ ಲೇಖನದ ಉದ್ದೇಶವಲ್ಲ. ಹಡಗು ಹತ್ತುವ ಮುನ್ನ ಅವರು ಏನು ಸಿದ್ಧತೆ ಮಾಡಿಕೊಂಡರು, ಪೆಟ್ಟಿಗೆಯಲ್ಲಿ ಏನು ಹಾಕಿಕೊಂಡರು ಎಂಬುದನ್ನಷ್ಟೇ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಪರದೇಶದ ಓದು ಎಂದರೆ ನಾವು ಹೊರಗೆ ಹೋಗುವುದು ಎಂದೇ ತಿಳಿದಿದ್ದೇವೆ. ಹೊರಗಿನವರು ನಮ್ಮಲ್ಲಿಗೆ ಬಂದ ಕಾಲವೂ ಇತ್ತು. ಇರಾನಿನ ಗೀಲಾನ್ ಪ್ರದೇಶದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಖ್ವಾಜಾ ಮಹಮೂದ್ ಗಾವಾನ್‌ರು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದ್ರಸಾದಲ್ಲಿ ಪಾಠದ ಕೋಣೆಗಳಿದ್ದವು, ಗ್ರಂಥಾಲಯವಿತ್ತು, ವಿದ್ಯಾರ್ಥಿಗಳೂ ಗುರುಗಳೂ ಅಲ್ಲೇ ವಾಸವಿರಲು ಏರ್ಪಾಡಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಹಾಸ್ಟೆಲ್ ಸೌಲಭ್ಯವುಳ್ಳ ವಿಶ್ವವಿದ್ಯಾಲಯ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು, 1340ರ ದಶಕದಲ್ಲಿ, ಮೊರಾಕ್ಕೊ ದೇಶದ ಇಬ್ನ್ ಬತೂತಾರವರು ನಮ್ಮ ಹೊನ್ನಾವರಕ್ಕೆ ಬಂದಾಗ ಆ ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ಹೆಣ್ಣುಮಕ್ಕಳ ಓದು ಹೊಸ ಕಾಲದ ಹಾವಳಿ ಎನ್ನುವ ಹಿರಿಯರು ಈ 13 ಎಂಬ ಅಂಕಿಯನ್ನು ಗಮನಿಸಬೇಕು.

ಸರ್ ಸೈಯದರ ಸಾಲ, ಸರ್ ಸೈಯದರ ಪ್ರಶ್ನೆ

1869ರ ಏಪ್ರಿಲ್ ತಿಂಗಳಲ್ಲಿ ಸರ್ ಸೈಯದ್ ಅಹ್ಮದ್ ಖಾನ್‌ರವರು ಬನಾರಸ್‌ನಿಂದ ಹೊರಟು ಮುಂಬಯಿಯಲ್ಲಿ ಹಡಗು ಹತ್ತಿದರು. ಆಗ ಅವರಿಗೆ 51 ವರ್ಷ. ಓದಲು ಹೊರಟವರು ಅವರಲ್ಲ, ಅವರ ಮಗ ಸೈಯದ್ ಮಹಮೂದ್. ವಾಯವ್ಯ ಪ್ರಾಂತ್ಯದ ಸರ್ಕಾರ ಇಂಗ್ಲೆಂಡಿನಲ್ಲಿ ಓದಲು ಆ ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟಿತ್ತು. ತಂದೆಗೆ ಸರ್ಕಾರದಿಂದ ಅಂಥ ನೆರವಿರಲಿಲ್ಲ. ಮನೆ ಅಡವಿಟ್ಟು, ಬಡ್ಡಿ ಸಾಲ ತೆಗೆದು, ಇನ್ನೊಬ್ಬ ಮಗ ಹಾಮಿದ್‌ನನ್ನೂ ಕರೆದುಕೊಂಡು ಹೊರಟರು. ಇಂಗ್ಲಿಷ್ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಇಂದಿನ ಕೋಚಿಂಗ್ ಸೆಂಟರುಗಳ ಲೆಕ್ಕದಲ್ಲಿ ಅವರು ಮೊದಲ ಪರೀಕ್ಷೆಯಲ್ಲೇ ಫೇಲು.

ಆದರೆ ಅವರ ಸಿದ್ಧತೆ ಬೇರೆ ರೀತಿಯದು. ಪರದೇಶದಲ್ಲಿ ಊಟದ ಗತಿಯೇನು ಎಂಬ ಪ್ರಶ್ನೆ ಇಂದಿಗೂ ನಮ್ಮ ತಾಯಂದಿರ ಮೊದಲ ಪ್ರಶ್ನೆಯಲ್ಲವೇ? ಸರ್ ಸೈಯದರು ಹೊರಡುವ ಹಿಂದಿನ ವರ್ಷ, 1868ರಲ್ಲಿ, ಅಹ್ಲೆ ಕಿತಾಬ್ ಜನರೊಂದಿಗೆ ಊಟ ಮಾಡುವ ವಿಷಯವಾಗಿ ಉರ್ದುವಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ನಿಲುವನ್ನು ಆ ಕಾಲದ ಅನೇಕ ಉಲೇಮಾಗಳು ಒಪ್ಪಲಿಲ್ಲ, ಇಂದೂ ಒಪ್ಪದವರಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದದ್ದು ಇಷ್ಟು: ಹಡಗು ಹತ್ತಿದ ಮೇಲೆ ಹಸಿದಾಗ ಯೋಚಿಸೋಣ ಎಂದು ಅವರು ಬಿಡಲಿಲ್ಲ. ಊರಲ್ಲಿದ್ದಾಗಲೇ ಕೂತು, ಕಿತಾಬುಗಳನ್ನು ನೋಡಿ, ತಮ್ಮ ಮಟ್ಟಿಗೆ ಒಂದು ತೀರ್ಮಾನಕ್ಕೆ ಬಂದು, ಅದನ್ನು ನಾಲ್ಕು ಜನರ ಮುಂದೆ ಇಟ್ಟು ಹೊರಟರು.

ಅವರ ಪೆಟ್ಟಿಗೆಯಲ್ಲಿದ್ದ ದೊಡ್ಡ ವಸ್ತು ಒಂದು ಪ್ರಶ್ನೆ. ವಿಲಿಯಂ ಮ್ಯೂರ್ ಎಂಬ ಅಧಿಕಾರಿ ಹಜ್ರತ್ ಮುಹಮ್ಮದ್ (ಸ.ಅ.) ಅವರ ಜೀವನ ಚರಿತ್ರೆ ಬರೆದಿದ್ದರು. ಅದರಲ್ಲಿನ ಮಾತುಗಳಿಂದ ಸರ್ ಸೈಯದರ ಮನಸ್ಸು ಬಹಳ ನೊಂದಿತ್ತು. ಬರೀ ಸಿಟ್ಟು ಮಾಡಿಕೊಂಡು ಸುಮ್ಮನಿರದೆ, ಉತ್ತರ ಬರೆಯಲು ಬೇಕಾದ ಗ್ರಂಥಗಳು ಲಂಡನ್ನಿನ ಗ್ರಂಥಾಲಯಗಳಲ್ಲಿವೆ ಎಂದು ತಿಳಿದು ಅಲ್ಲಿಗೇ ಹೋದರು. ಒಂದು ಸ್ವಾರಸ್ಯ ನೋಡಿ: ಮಗನಿಗೆ ವಿದ್ಯಾರ್ಥಿವೇತನ ಕೊಟ್ಟ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗ ಇದೇ ಮ್ಯೂರ್ ಸಾಹೇಬರು! ಬ್ರಿಟಿಷ್ ಮ್ಯೂಸಿಯಂ ಮತ್ತು ಇಂಡಿಯಾ ಆಫೀಸಿನ ಗ್ರಂಥಾಲಯಗಳಲ್ಲಿ ಕೂತು, ಇಂಗ್ಲಿಷಿನ ಪುಸ್ತಕಗಳನ್ನು ಬೇರೆಯವರಿಂದ ಓದಿಸಿಕೊಂಡು, ಗೆಳೆಯ ಮೊಹ್ಸಿನುಲ್ ಮುಲ್ಕ್‌ರವರಿಗೆ ಪತ್ರದ ಮೇಲೆ ಪತ್ರ ಬರೆದು ಮುದ್ರಣಕ್ಕೆ ಹಣ ಕೂಡಿಸಿ, 1870ರಲ್ಲಿ ಆ ಉತ್ತರವನ್ನು ಲಂಡನ್ನಿನಲ್ಲೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು.

ದಾರಿಯುದ್ದಕ್ಕೂ ಉರ್ದುವಿನಲ್ಲಿ ಪತ್ರ ಬರೆಯುತ್ತಿದ್ದರು. ಅವು ಅಲೀಗಢದ ಪತ್ರಿಕೆಯಲ್ಲಿ ಪ್ರಕಟವಾಗಿ ಊರಲ್ಲಿದ್ದವರಲ್ಲಿ ಕೆಲವರಿಗೆ ಸಂತೋಷವನ್ನೂ ಹಲವರಿಗೆ ಕೋಪವನ್ನೂ ತಂದವು. ಇಂಗ್ಲಿಷರನ್ನು ಹೊಗಳುವ ಭರದಲ್ಲಿ ನಮ್ಮವರನ್ನು ಅವರು ವಿಪರೀತ ಹೀಗಳೆದರು ಎಂಬುದು ನಿಜ, ಓದುವಾಗ ನನಗೂ ಬೇಸರವಾಗುತ್ತದೆ. ಆದರೆ ಅವರ ಕಣ್ಣು ಎಲ್ಲಿ ನೆಟ್ಟಿತ್ತು ನೋಡಿ. ತಾವು ಬಾಡಿಗೆಗಿದ್ದ ಮನೆಯ ಕೆಲಸದ ಹೆಣ್ಣುಮಗಳು ಬಡವಿಯಾದರೂ ಅರ್ಧ ಪೆನ್ನಿಯ ‘ಎಕೋ’ ಪತ್ರಿಕೆಯನ್ನು ಕೊಂಡು ಬಿಡುವಿದ್ದಾಗ ಓದುತ್ತಾಳೆ ಎಂಬುದನ್ನು ಅವರು ಬರೆದರು. ಅರಮನೆ, ಸೇತುವೆಗಳನ್ನು ನೋಡಿದವರು ಸಾವಿರಾರು ಜನ. ಆ ಅರ್ಧ ಪೆನ್ನಿಯ ಪತ್ರಿಕೆಯನ್ನು ನೋಡಿದವರು ಮರಳಿ ಬಂದ ಮೇಲೆ ಡಿಸೆಂಬರ್ 1870ರಲ್ಲಿ ‘ತಹ್ಜೀಬುಲ್ ಅಖ್ಲಾಕ್’ ಪತ್ರಿಕೆ ತಂದರು, 1875ರಲ್ಲಿ ಅಲೀಗಢದಲ್ಲಿ ಶಾಲೆ ತೆರೆದರು. ಮಗ ಮಹಮೂದ್ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಓದಿ, 1872ರಲ್ಲಿ ಬ್ಯಾರಿಸ್ಟರ್ ಆಗಿ ಬಂದು, ಮರುವರ್ಷವೇ ಆ ವಿದ್ಯಾಸಂಸ್ಥೆಯ ಯೋಜನೆ ಬರೆದುಕೊಟ್ಟರು. ಮುಂದೆ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದರು. ಅವರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. 1893ರಲ್ಲಿ ಆ ಹುದ್ದೆ ಬಿಟ್ಟರು, ತಂದೆಯೊಂದಿಗೂ ಮನಸ್ತಾಪವಾಯಿತು, ಕುಡಿತ ಅವರನ್ನು ಹಾಳುಮಾಡಿತು. ತಂದೆತಾಯಿಯರ ಅಂಜಿಕೆಯೆಲ್ಲ ಬರೀ ಅಜ್ಞಾನ ಎಂದು ಹೇಳುವವರು ಇದನ್ನೂ ತಿಳಿದಿರಬೇಕು. ಅಂಜಿಕೆಗೆ ಕಾರಣವಿದೆ. ಆದರೂ ಮಹಮೂದ್ ಹೋಗದೇ ಇದ್ದಿದ್ದರೆ ಅಲೀಗಢದ ಆ ಯೋಜನೆ ಅದೇ ರೂಪದಲ್ಲಿ ಬರುತ್ತಿತ್ತೇ?

ಶಿಕ್ಷಕಿಯಾಗಲು ಹೊರಟ ಅತಿಯಾ

ಶಿಕ್ಷಕ ವೃತ್ತಿಯಲ್ಲಿರುವ ನನಗೆ ಎಲ್ಲರಿಗಿಂತ ಹತ್ತಿರವೆನಿಸುವವರು ಅತಿಯಾ ಫೈಜಿ. ಮುಂಬಯಿಯ ಪ್ರಸಿದ್ಧ ತಯ್ಯಬ್‌ಜಿ ಮನೆತನದ ಈ ಹೆಣ್ಣುಮಗಳು 1906ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಮರಿಯಾ ಗ್ರೇ ತರಬೇತಿ ಕಾಲೇಜಿಗೆ ಹೋದರು. ಅದು ಶಿಕ್ಷಕಿಯರ ತರಬೇತಿ ಕಾಲೇಜು, ನಮ್ಮ ಬಿ.ಇಡಿ. ಇದ್ದ ಹಾಗೆ. ಬ್ಯಾರಿಸ್ಟರ್ ಆಗಲು, ಐ.ಸಿ.ಎಸ್. ಪಾಸು ಮಾಡಲು ಗಂಡಸರು ಹಡಗು ಹತ್ತುತ್ತಿದ್ದ ಕಾಲದಲ್ಲಿ ಒಬ್ಬ ಮುಸ್ಲಿಂ ಮಹಿಳೆ ಪಾಠ ಹೇಳುವುದನ್ನು ಕಲಿಯಲು ಸಮುದ್ರ ದಾಟಿದರು.

ಅತಿಯಾರವರು ಪ್ರತಿದಿನದ ಸಂಗತಿಗಳನ್ನು ಉರ್ದುವಿನಲ್ಲಿ ಬರೆದು ಅಕ್ಕ ಜೋಹ್ರಾರಿಗೆ ಕಳುಹಿಸುತ್ತಿದ್ದರು. ಅಕ್ಕ ಅವನ್ನು ತಿದ್ದಿ ಲಾಹೋರಿನ ‘ತಹ್ಜೀಬೆ ನಿಸ್ವಾನ್’ ಪತ್ರಿಕೆಗೆ ಕೊಟ್ಟರು. ಮುಹಮ್ಮದಿ ಬೇಗಂರವರು ತಮ್ಮ ಪತಿ ಸೈಯದ್ ಮುಮ್ತಾಜ್ ಅಲಿಯವರೊಡನೆ 1898ರಲ್ಲಿ ಆರಂಭಿಸಿದ ಮಹಿಳೆಯರ ಪತ್ರಿಕೆ ಅದು. ಹೀಗಾಗಿ ಮನೆಯ ಹೊಸ್ತಿಲು ದಾಟದ ಎಷ್ಟೋ ಹೆಣ್ಣುಮಕ್ಕಳು ಅಡುಗೆಮನೆಯ ಪಕ್ಕ ಕೂತು ಲಂಡನ್ನಿನ ತರಗತಿಯನ್ನು ಓದಿದರು. ಮುಂದೆ 1921ರಲ್ಲಿ ಆ ದಿನಚರಿ ‘ಜಮಾನಾ-ಎ-ತಹ್ಸೀಲ್’ ಎಂಬ ಹೆಸರಿನಲ್ಲಿ ಪುಸ್ತಕವಾಯಿತು. ಅತಿಯಾರವರ ಓದು ಪೂರ್ತಿಯಾಗಲಿಲ್ಲ, ಸರ್ಟಿಫಿಕೇಟು ಇಲ್ಲದೆ 1907ರಲ್ಲಿ ಮರಳಿದರು. ಅವರ ಜೊತೆಗೆ ಆ ವರ್ಷ ಸರ್ಟಿಫಿಕೇಟು ಪಡೆದವರ ಹೆಸರು ಇಂದು ಯಾರಿಗೆ ಗೊತ್ತು? ಅಕ್ಕನಿಗೆ ಬರೆದ ದಿನಚರಿ ಉಳಿದಿದೆ.

ಅವರಿಗಿಂತ ಹನ್ನೊಂದು ವರ್ಷ ಮೊದಲು, 1895ರಲ್ಲಿ, ಹೈದರಾಬಾದಿನ ಹದಿನಾರು ವರ್ಷದ ಹುಡುಗಿ ಸರೋಜಿನಿ ಚಟ್ಟೋಪಾಧ್ಯಾಯರು ನಿಜಾಮರ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿಗೂ ಕೇಂಬ್ರಿಜ್‌ನ ಗರ್ಟನ್ ಕಾಲೇಜಿಗೂ ಹೋಗಿದ್ದರು. ಅವರೇ ಮುಂದೆ ಸರೋಜಿನಿ ನಾಯ್ಡು. ಇಲ್ಲಿ ನಮ್ಮ ಊರಿನ ಒಂದು ಸಂಗತಿ ನೆನಪಾಗುತ್ತದೆ. ಸಿರುಗುಪ್ಪದಲ್ಲಿ ನಿಂತರೆ ತುಂಗಭದ್ರೆಯ ಈಚೆ ದಡ ಬಳ್ಳಾರಿ ಜಿಲ್ಲೆ, ಅಂದರೆ 1953ರವರೆಗೆ ಮದ್ರಾಸ್ ಪ್ರಾಂತ್ಯ. ಆಚೆ ದಡ ರಾಯಚೂರು ಜಿಲ್ಲೆ, ನಿಜಾಮರ ರಾಜ್ಯ. ಆಚೆಯವರಿಗೆ 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಈಚೆಯವರು ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದ್ರಾಸಿಗೆ ಹೋಗಬೇಕಿತ್ತು, ಓದು ಇಂಗ್ಲಿಷಿನಲ್ಲಿ. ಒಂದೇ ದಖ್ಖನಿ ಮಾತನಾಡುವ ನೆಂಟರಿಷ್ಟರು ಎರಡು ದಡದಲ್ಲಿ ಎರಡು ಬೇರೆ ದಾರಿ ಹಿಡಿದರು. ನಮ್ಮ ಹಿರಿಯರ ಪಾಲಿಗೆ ಮದ್ರಾಸೇ ಒಂದು ಪರದೇಶವಾಗಿತ್ತು ಎಂದರೆ ತಪ್ಪಾಗಲಾರದು.

ಅಲ್ಲಾಮಾ ಇಕ್ಬಾಲ್‌ರ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಎರಡೇ ಮಾತು. 1905ರಲ್ಲಿ ಅವರು ಯುರೋಪಿಗೆ ಹೊರಟಾಗ ಖರ್ಚಿಗೆ ಆಸರೆಯಾದವರು ಅಣ್ಣ ಅತಾ ಮುಹಮ್ಮದ್. ಜರ್ಮನಿಯಲ್ಲಿ ಡಾಕ್ಟರೇಟ್ ಪಡೆಯುವ ಮುನ್ನ ಹೈಡೆಲ್‌ಬರ್ಗ್ ಪಟ್ಟಣದಲ್ಲಿ ಕೂತು ಚಿಕ್ಕ ಮಗುವಿನಂತೆ ಜರ್ಮನ್ ಭಾಷೆ ಕಲಿತರು. ಪ್ರಖ್ಯಾತ ಕವಿಯಾಗಿದ್ದವರಿಗೆ ಅಕ್ಷರಾಭ್ಯಾಸಕ್ಕೆ ಕೂರಲು ನಾಚಿಕೆಯಾಗಲಿಲ್ಲ.

ಡಾ. ಜಾಕಿರ್ ಹುಸೇನ್‌ರವರ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಹೈದರಾಬಾದಿನಲ್ಲಿ 1897ರಲ್ಲಿ ಹುಟ್ಟಿದ ಇವರು 1920ರಲ್ಲಿ ಜಾಮಿಯಾ ಮಿಲ್ಲಿಯಾ ಆರಂಭವಾದಾಗ ಅದರಲ್ಲಿ ಸೇರಿದ ಯುವಕರಲ್ಲೊಬ್ಬರು. 1922ರಲ್ಲಿ ಬರ್ಲಿನ್‌ಗೆ ಹೋಗಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಅಲ್ಲಿನ ಕಾವಿಯಾನಿ ಮುದ್ರಣಾಲಯದಲ್ಲಿ ಮಿರ್ಜಾ ಗಾಲಿಬರ ದೀವಾನ್ ಅಚ್ಚು ಹಾಕಿಸಲು ಹೋದಾಗ ಮೊಳೆ ಜೋಡಿಸುವವರು ಸಾಕಷ್ಟು ಇರಲಿಲ್ಲವಾಗಿ ತಾವೇ ಕೂತು ಅಕ್ಷರ ಜೋಡಿಸಿದರು. ಭಾರತದಿಂದ ಜಾಮಿಯಾ ಮುಚ್ಚುವ ಹಂತದಲ್ಲಿದೆ ಎಂಬ ಸುದ್ದಿ ಬಂದಾಗ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಇಬ್ಬರು ಗೆಳೆಯರೊಂದಿಗೆ ಸೇರಿ, ನಾವು ಬರುತ್ತೇವೆ, ಮುಚ್ಚಬೇಡಿ ಎಂದು ತಿಳಿಸಿದರು. 1926ರಲ್ಲಿ ಮೂವರೂ ಬಂದರು. ಜಾಕಿರ್ ಸಾಹೇಬರು 29ನೇ ವಯಸ್ಸಿನಲ್ಲಿ ಅಲ್ಪ ಸಂಬಳದ ಶೇಖುಲ್ ಜಾಮಿಯಾ ಆದರು, 1967ರಲ್ಲಿ ರಾಷ್ಟ್ರಪತಿಗಳಾದರು. ಮರಳಿ ಬರುತ್ತಾರೆಯೇ ಎಂದು ಕೇಳುವ ಮನೆಯವರಿಗೆ ನಾನು ಈ ಕಥೆಯನ್ನೇ ಹೇಳುವುದು. ಕಾದಿರುವ ಕೆಲಸವೊಂದು ಊರಲ್ಲಿದ್ದರೆ ಹೋದವರು ಬರುತ್ತಾರೆ. ಅಂಥ ಕೆಲಸ ನಾವು ಊರಲ್ಲಿ ಇಟ್ಟಿದ್ದೇವೆಯೇ ಎಂಬುದು ಸದಸ್ಯರು ಉತ್ತರಿಸಬೇಕಾದ ಪ್ರಶ್ನೆ.

ಕನ್ನಡದವರ ಪೆಟ್ಟಿಗೆ

ಸ್ವಾತಂತ್ರ್ಯಾನಂತರ ದಾರಿ ಅಗಲವಾಯಿತು. 1950ರ ಫೆಬ್ರವರಿ 2ರಂದು ಭಾರತ ಮತ್ತು ಅಮೆರಿಕಾ ನಡುವೆ ಫುಲ್‌ಬ್ರೈಟ್ ವಿನಿಮಯದ ಒಪ್ಪಂದವಾಯಿತು. 2008ರಿಂದ ಭಾರತವೂ ಸಮಪಾಲು ಹಣ ಹಾಕತೊಡಗಿ ಅದರ ಹೆಸರು ಫುಲ್‌ಬ್ರೈಟ್-ನೆಹರೂ ಎಂದಾಯಿತು. ನಮ್ಮ ಮಾಜಿ ಮುಖ್ಯಮಂತ್ರಿ ದಿವಂಗತ ಎಸ್.ಎಂ. ಕೃಷ್ಣರವರು ಈ ವಿದ್ಯಾರ್ಥಿವೇತನದಲ್ಲೇ ಅಮೆರಿಕಾದಲ್ಲಿ ಕಾನೂನು ಓದಿದವರು. ಎ.ಕೆ. ರಾಮಾನುಜನ್‌ರವರು 1959ರಲ್ಲಿ ಇದೇ ದಾರಿಯಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಹೋಗುವ ಮುನ್ನ ಅವರು ಬೆಳಗಾವಿಯಲ್ಲಿ ಮೇಷ್ಟರಾಗಿದ್ದಾಗ ಅಜ್ಜಿಯರ ಬಾಯಿಂದ ಕನ್ನಡದ ಕಥೆಗಳನ್ನು ಕೇಳಿ ಬರೆದಿಟ್ಟುಕೊಂಡಿದ್ದರು. ಅಮೆರಿಕಾದಲ್ಲಿ ಅವರ ಹೆಸರು ನಿಂತದ್ದು ಅಲ್ಲಿ ಕಲಿತ ಇಂಗ್ಲಿಷಿನಿಂದಲ್ಲ, ಇಲ್ಲಿಂದ ಒಯ್ದ ಕಥೆ, ವಚನಗಳಿಂದ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ 1963ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದ ಯು.ಆರ್. ಅನಂತಮೂರ್ತಿಯವರು ಅಲ್ಲಿ ಕೂತು ಬರೆದ ಕಾದಂಬರಿ ‘ಸಂಸ್ಕಾರ’.

ಆದರೆ ಹೊರಡುವ ಸಿದ್ಧತೆಯ ಕಥೆಯೆಂದರೆ ಗಿರೀಶ ಕಾರ್ನಾಡರದ್ದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಇವರಿಗೆ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡಬೇಕಾಯಿತು. ಮನೆಯಲ್ಲಿ ಸಂತೋಷದ ಜೊತೆಗೇ ದಿಗಿಲು: ಹುಡುಗ ಅಲ್ಲೇ ನಿಂತುಬಿಟ್ಟರೆ? ಬಿಳಿಯ ಹುಡುಗಿಯನ್ನು ಮದುವೆಯಾದರೆ? ನಮ್ಮ ಕೌಲ್ ಬಜಾರಿನ ಮನೆಯೊಂದರ ಮಾತಿದ್ದಂತೆ ಇದೆಯಲ್ಲವೇ! ಇಂಗ್ಲಿಷ್ ಕವಿಯಾಗಬೇಕೆಂದು ಕನಸು ಕಂಡಿದ್ದ ಕಾರ್ನಾಡರು ಆ ತಳಮಳದ ವಾರಗಳಲ್ಲಿ ತಾವೇ ಆಶ್ಚರ್ಯಪಡುವಂತೆ ಕನ್ನಡದಲ್ಲಿ ನಾಟಕ ಬರೆದರು, ಅದೂ ಮಗನ ಯೌವನವನ್ನು ಕೇಳುವ ತಂದೆಯ ಕಥೆಯನ್ನು. ‘ಯಯಾತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಮನೆಯವರೊಂದಿಗೆ ಬಾಯಿಬಿಟ್ಟು ಆಡಲಾಗದ ಮಾತನ್ನು ಅವರು ಮನೆಯ ಹೊರಗೆ ಕಲಿತ ಕನ್ನಡದಲ್ಲಿ ಆಡಿದರು, ಏಕೆಂದರೆ ಅವರ ಮನೆಮಾತು ಕೊಂಕಣಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಇದು ಅರ್ಥವಾಗದ ವಿಷಯವೇನಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್‌ರವರು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಸೇರಿದ್ದು ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ.

ಈ ಮಾತಿಗೆ ಒಂದು ವ್ಯಾವಹಾರಿಕ ಮುಖವೂ ಇದೆ. ವಿನಿಮಯದ ಅರ್ಜಿಯಲ್ಲಿ ‘ತಿಳಿದ ಭಾಷೆಗಳು’ ಎಂಬ ಕಾಲಂ ಇರುತ್ತದೆ. ಬಳ್ಳಾರಿಯ ನಮ್ಮ ಮಕ್ಕಳು ಅಲ್ಲಿ ಇಂಗ್ಲಿಷ್, ಕನ್ನಡ ಎಂದು ಬರೆದು ಮುಗಿಸುತ್ತಾರೆ. ಮನೆಯ ದಖ್ಖನಿ, ಶಾಲೆಯ ಉರ್ದು, ಅಂಗಡಿಯ ತೆಲುಗು, ಅರಬ್ಬಿಯ ಅಕ್ಷರಜ್ಞಾನ, ಹಿಂದಿ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಯುರೋಪಿನ ವಿದ್ಯಾರ್ಥಿಯೊಬ್ಬ ಐದು ಭಾಷೆ ಬಲ್ಲೆನೆಂದು ಬರೆದರೆ ಅದು ದೊಡ್ಡ ವಿದ್ವತ್ತು, ಸಿರುಗುಪ್ಪದ ಹುಡುಗಿಗೆ ಬಂದರೆ ಅದು ಬರೀ ಮಾತು! ಉದ್ದೇಶ ಪತ್ರವನ್ನಂತೂ ಇಂಟರ್‌ನೆಟ್ಟಿನಿಂದ ಇಳಿಸಿ ಹೆಸರು ಬದಲಿಸುವವರೇ ಹೆಚ್ಚು. ಎಲ್ಲರ ಪತ್ರದಲ್ಲೂ ಚಿಕ್ಕಂದಿನಿಂದಲೂ ಜಗತ್ತನ್ನು ಬದಲಿಸುವ ಅದೇ ಕನಸು.

ನಮ್ಮ ಊರಿನಲ್ಲಿ ಬರೆಯಲು ಏನಿದೆ ಎಂದು ಕೇಳುವವರಿಗೆ ಸಂಗನಕಲ್ಲನ್ನು ತೋರಿಸುತ್ತೇನೆ. ಬಳ್ಳಾರಿಯ ಮಗ್ಗುಲಲ್ಲೇ ಇರುವ ಆ ಗುಡ್ಡಗಳ ಮೇಲೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಜನ ದನ ಸಾಕಿ, ಕಲ್ಲಿನ ಕೊಡಲಿ ಮಾಡಿಕೊಂಡು ಬಾಳ್ವೆ ನಡೆಸಿದ್ದರು. 2000ದ ನಂತರದ ವರ್ಷಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಆಗ ಕೇಂಬ್ರಿಜ್‌ನಲ್ಲಿದ್ದ ನಿಕೋಲ್ ಬೋಯ್ವಿನ್, ಲಂಡನ್ನಿನ ಡೋರಿಯನ್ ಫುಲ್ಲರ್ ಸೇರಿ ಅಲ್ಲಿ ಸಂಶೋಧನೆ ನಡೆಸಿದರು. ಸುಟ್ಟು ಕರಿಕಾದ ಕಾಳುಗಳನ್ನು ಸೋಸಿ ತೆಗೆದು ಫುಲ್ಲರ್‌ರವರು ಆ ಜನ ಕೊರಲೆ, ಹುರುಳಿ, ಹೆಸರುಕಾಳು ತಿನ್ನುತ್ತಿದ್ದರೆಂದು ತೋರಿಸಿದರು. ತಟ್ಟಿದರೆ ಗಂಟೆಯಂತೆ ನಾದ ಕೊಡುವ ಕುಪ್ಪಗಲ್ಲಿನ ಬಂಡೆಗಳ ಬಗ್ಗೆ ಬೋಯ್ವಿನ್‌ರವರು 2004ರಲ್ಲಿ ಬರೆದರು. ಆ ಬಂಡೆಗಳ ಸುತ್ತ ನಾವು ಜಲ್ಲಿ ಒಡೆಯುತ್ತಿದ್ದೆವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ 1960ರ ದಶಕದಲ್ಲಿ ಇದೇ ಕಾಲದ ನೆಲೆಯನ್ನು ಎಂ.ಎಸ್. ನಾಗರಾಜರಾವ್‌ರವರು ಅಗೆದು ತೋರಿಸಿದ್ದಾರೆ. ಕುರುಗೋಡಿಗೆ ಸಿಂದ ಅರಸರ ಇತಿಹಾಸವಿದೆ. ಕೇಂಬ್ರಿಜ್‌ನವರು ಬಳ್ಳಾರಿಗೆ ಬರಲು ಸಿದ್ಧತೆ ಮಾಡಿಕೊಂಡಿದ್ದಾಗ ಬಳ್ಳಾರಿಯವರು ಕೇಂಬ್ರಿಜ್‌ಗೆ ಹೋಗುವ ಮುನ್ನ ಒಂದು ಭಾನುವಾರ ಸಂಗನಕಲ್ಲಿನ ಗುಡ್ಡ ಹತ್ತಿ ಬರಬಾರದೇ? ಊರಲ್ಲೇ ರಾಬರ್ಟ್ ಬ್ರೂಸ್ ಫೂಟ್‌ರ ಹೆಸರಿನ ಸಂಗ್ರಹಾಲಯವೂ ಇದೆ.

ಹಣ ಮತ್ತು ಹೆಸರು

ಹಣದ ವಿಷಯವನ್ನು ಮುಚ್ಚಿಡುವಂತಿಲ್ಲ. ಡಾ. ಅಂಬೇಡ್ಕರರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ, ಮರಳಿ ಬಂದು ಹತ್ತು ವರ್ಷ ಆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿನ ಮೇಲೆ. ಸರ್ ಸೈಯದರಿಗೆ ಸಾಲ, ಇಕ್ಬಾಲ್‌ರಿಗೆ ಅಣ್ಣ, ಸರೋಜಿನಿಯವರಿಗೆ ನಿಜಾಮರು. ಹಿಂದೆ ಯಾರಾದರೊಬ್ಬರು ನಿಂತಿರದೆ ಯಾರೂ ಹೋಗಿಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಸ್’ ಯೋಜನೆಯನ್ನು 2022-23ರಿಂದ ನಿಲ್ಲಿಸಲಾಗಿದೆ. ಹಳೆಯ ಕರಪತ್ರ ನೋಡಿ ಅದನ್ನು ನಂಬಿ ಕೂರಬೇಡಿ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ನೆರವು ಬಹುಮಟ್ಟಿಗೆ ಪೂರ್ಣ ಪದವಿಗೆ ಹೊರಡುವವರನ್ನು ಗಮನದಲ್ಲಿಟ್ಟದ್ದು. ಯುರೋಪಿನ ಎರಾಸ್ಮಸ್‌ನಂಥ ಯೋಜನೆಯಲ್ಲಿ ಆಯ್ಕೆಯಾದವರಿಗೆ ಪ್ರಯಾಣ, ವಾಸದ ಖರ್ಚು ಸಿಗುತ್ತದೆ. ಉಳಿದ ವಿನಿಮಯಗಳಲ್ಲಿ ಬೋಧನಾ ಶುಲ್ಕ ಉಳಿದರೂ ವಿಮಾನ, ಬಾಡಿಗೆ, ವಿಮೆ ಕೈಯಿಂದಲೇ. ಒಂದು ಸೆಮಿಸ್ಟರಿನ ಈ ಖರ್ಚಿಗೆ ಸಂಸ್ಥೆಯ ಸದಸ್ಯರು ಕರ್ಜ್-ಎ-ಹಸನಾ ನಿಧಿಯೊಂದನ್ನು ಕೂಡಿಸಬಹುದು. ಒಂದು ಮದುವೆಯ ಶಾಮಿಯಾನಾ, ಬಿರಿಯಾನಿಯ ಲೆಕ್ಕ ಹಾಕಿದರೆ ಇದು ಅಸಾಧ್ಯದ ಮಾತಲ್ಲವೆಂದು ಗೊತ್ತಾಗುತ್ತದೆ.

ಕೊನೆಯದಾಗಿ, ನಾನು ದಿನವೂ ಕಾಣುವ ವಿಷಯ. ಸರ್ ಸೈಯದರಾಗಲಿ ಅತಿಯಾರಾಗಲಿ ಹೋಗುವಾಗ ಇಂದಿನಂಥ ಪಾಸ್‌ಪೋರ್ಟಿನ ಕಟ್ಟಳೆ ಇರಲಿಲ್ಲ. ಮೊದಲ ಮಹಾಯುದ್ಧದ ಕಾಲದಿಂದ ಅದು ಬಿಗಿಯಾಯಿತು, ಇಂದಿನ ಪಾಸ್‌ಪೋರ್ಟ್ ಕಾಯ್ದೆ 1967ರದ್ದು. ಅಂದಿನಿಂದ ಮನುಷ್ಯನಿಗಿಂತ ಅವನ ಹೆಸರಿನ ಕಾಗುಣಿತ ಮುಖ್ಯವಾಗಿದೆ. ನಮ್ಮ ಮಕ್ಕಳ ಹೆಸರುಗಳನ್ನು ನೋಡಿ: ಜನನ ಪ್ರಮಾಣಪತ್ರದಲ್ಲಿ ಮಹಬೂಬ್ ಪಾಷಾ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾಬುಬಾಷ, ಆಧಾರ್‌ನಲ್ಲಿ ಶೇಖ್ ಮಹಬೂಬ್ ಬಾಷಾ, ರೇಷನ್ ಕಾರ್ಡಿನಲ್ಲಿ ಮಾಬುಸಾಬ್. ಒಂದೇ ಮನೆಯ ಅಣ್ಣ ಶೇಖ್, ತಮ್ಮ ಶೇಕ್, ತಂಗಿಗೆ ಆ ಮಾತೇ ಇಲ್ಲ, ಅವಳ ಹೆಸರಿನ ಕೊನೆಯಲ್ಲಿ ಬಿ, ಬೀ, ಬೇಗಂ ಮೂರೂ ಮೂರು ಕಾಗದದಲ್ಲಿ. ಇಪ್ಪತ್ತನೇ ವಯಸ್ಸಿನಲ್ಲಿ ಅಂಥವಳು ವಿನಿಮಯಕ್ಕೆ ಆಯ್ಕೆಯಾದರೆ, ಪತ್ರ ಬಂದ ಮೇಲೆ ಉಳಿಯುವ ಕೆಲವೇ ವಾರಗಳು ಅಫಿಡವಿಟ್ಟು, ಗೆಜೆಟ್ಟು ಎಂದು ಕಚೇರಿಯಿಂದ ಕಚೇರಿಗೆ ತಿರುಗುವುದರಲ್ಲೇ ಕಳೆಯುತ್ತವೆ.

ಆದ್ದರಿಂದ ಶಿಕ್ಷಕ ಮಿತ್ರರೇ, ತಂದೆತಾಯಿಯರೇ, ಒಂದನೇ ತರಗತಿಗೆ ಮಗುವನ್ನು ಸೇರಿಸುವ ದಿನ ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವಾಗಿ, ಇಂಗ್ಲಿಷ್ ಕಾಗುಣಿತ ಸಮೇತ ಬರೆಯಿರಿ, ಬರೆಯಿಸಿರಿ. ತಂದೆಯ ಹೆಸರೂ ಅವರ ಆಧಾರ್‌ನಲ್ಲಿದ್ದಂತೆಯೇ ಇರಲಿ. ಈಗಾಗಲೇ ತಪ್ಪಾಗಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೋಂದಣಿಗೆ ಹೆಸರುಗಳು ಹೋಗುವ ಮುನ್ನ, ಒಂಬತ್ತನೇ ತರಗತಿಯಲ್ಲಿರುವಾಗಲೇ, ಶಾಲೆಯಲ್ಲಿ ತಿದ್ದಿಸಿಕೊಳ್ಳಿ. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ಕೆಲಸಕ್ಕೆ ಮಂಡಳಿಯವರೆಗೂ ಅಲೆಯಬೇಕಾಗುತ್ತದೆ. ಹೆಣ್ಣುಮಕ್ಕಳ ಹೆಸರನ್ನು ಮದುವೆಯ ನಂತರ ಆಧಾರ್‌ನಲ್ಲಿ ಬದಲಿಸುವ ಮುನ್ನ ಅವಳ ಅಂಕಪಟ್ಟಿಯನ್ನು ಒಮ್ಮೆ ತೆಗೆದು ನೋಡಿ, ಅವಳನ್ನೂ ಒಂದು ಮಾತು ಕೇಳಿ.